ನೋವಿನ ದುಡ್ಡು, ಖರ್ಚಿನ ದುಡ್ಡು

ರವಿಕೆಯ ತೋಳನ್ನು ಬಿಗಿಯಾಗಿ ಹೊಲಿದುಕೊಂಡ ತಪ್ಪಿಗೆ ಮೂರು ವರ್ಷ ಆಸ್ಪತ್ರೆ, ಕೋರ್ಟು ಎಂದು ಅಲೆದವಳು ನಮ್ಮ ಧರ್ಮಪುರಿ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಈಗ ನನ್ನ ಎಡಗೈ ತಲೆಯವರೆಗೆ ಏಳುತ್ತದೆ. ಅದಕ್ಕಿಂತ ಮೇಲೆ ಎತ್ತಿದರೆ ಒಂದು ಜಾಗದಲ್ಲಿ ಚುಳ್ ಎನ್ನುತ್ತದೆ. ಅಷ್ಟರಲ್ಲೇ ಬದುಕು ಸಾಗಿಸುವುದನ್ನು ಕಲಿತಿದ್ದೇನೆ. ಯಾರಾದರೂ ನನ್ನ ಹಾಗೆ ಭುಜ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಒಂದು ಇಂಜೆಕ್ಷನ್ನಿಗೆ ಹೀಗೆಲ್ಲ ಆಗುತ್ತದಾ, ನನಗೇ ಭ್ರಮೆಯಾ ಎಂದುಕೊಳ್ಳುತ್ತಿದ್ದರೆ, ಭ್ರಮೆಯಲ್ಲ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಮಂಜುಳಾ. ನಲ್ಲಂಪಳ್ಳಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಏಳನೇ ಕ್ಲಾಸಿನವರೆಗೆ ಕನಕಪುರದ ಕಡೆ ಅಜ್ಜಿಯ ಮನೆಯಲ್ಲಿದ್ದು ಕನ್ನಡದಲ್ಲಿ ಓದಿದೆ, ಆಮೇಲೆ ಎಲ್ಲ ತಮಿಳೇ. ಗಂಡ ಮಾದೇಶ ಶಂಕಗಿರಿಯ ಒಬ್ಬರ ಲಾರಿ ಓಡಿಸುತ್ತಾರೆ, ಹತ್ತು ಹದಿನೈದು ದಿನಕ್ಕೊಮ್ಮೆ ಮನೆ ನೋಡುತ್ತಾರೆ. ಆದ್ದರಿಂದ ನಮ್ಮ ಮನೆ ಎಂದರೆ ನಾನು ಮತ್ತು ಅತ್ತೆ ಮಾದಮ್ಮ. ಅತ್ತೆಗೆ ಒಂಬತ್ತು ಕುರಿ ಇದ್ದವು. ಹುಟ್ಟಿದ ಮನೆಯಲ್ಲೂ ಕುರಿ, ಸೇರಿದ ಮನೆಯಲ್ಲೂ ಕುರಿ. ಮನುಷ್ಯರ ಹತ್ತಿರ ಆಡುವ ಮಾತಿಗಿಂತ ಅವುಗಳ ಹತ್ತಿರ ಆಡುವ ಮಾತೇ ಹೆಚ್ಚು. ನಾನು ಕೂತ ಕಡೆ ಕೂರದವಳು, ಬಾಯಿ ಬಿಟ್ಟರೆ ಮುಚ್ಚದವಳು. ನಮ್ಮಿಬ್ಬರಿಗೆ ಅಷ್ಟಕ್ಕಷ್ಟೇ ಇತ್ತು.

ಅವತ್ತು ನಡೆದದ್ದು ಬಹಳ ಸಣ್ಣ ವಿಷಯ. ಮದುವೆ ಸೀಸನ್ನು, ಮೇಜಿನ ಮೇಲೆ ಬಟ್ಟೆಯ ರಾಶಿ, ಸಂಜೆಯೊಳಗೆ ಆರು ರವಿಕೆ ಕೊಡಬೇಕು. ಅವಸರದಲ್ಲಿ ಮೆಷಿನ್ನಿನ ಸೂಜಿ ನನ್ನ ತೋರುಬೆರಳಿನ ಉಗುರನ್ನು ತೂರಿ ಒಳಗೇ ಮುರಿಯಿತು. ಬೆರಳು ಚುಚ್ಚಿಸಿಕೊಳ್ಳದ ಟೈಲರ್ ಇಲ್ಲ. ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ ಹೋದೆ. ಸೂಜಿಯ ಚೂರು ತೆಗೆದು, ಒಂದು ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಂಡು ಹೋಗಿ ಎಂದರು.

ನನ್ನ ರವಿಕೆಯ ತೋಳು ಮೊಣಕೈವರೆಗೆ ಬಿಗಿ. ನಾನು ಹೊಲಿದ ತೋಳಿನೊಳಗೆ ಒಂದು ಬೆರಳೂ ತೂರುವುದಿಲ್ಲ ಎಂಬುದೇ ನನ್ನ ಅಂಗಡಿಗಿರುವ ಹೆಸರು. ನರ್ಸಮ್ಮ ಅದನ್ನು ಮೇಲಕ್ಕೆ ಸರಿಸಲು ನೋಡಿದಳು, ಸರಿಯಲಿಲ್ಲ. ಬಿಚ್ಚಬೇಕಲ್ಲ ಎಂದಳು. ಅಲ್ಲಿ ಪರದೆ ಇರಲಿಲ್ಲ, ಎದುರಿಗೆ ಇಬ್ಬರು ಗಂಡಸರು ಕೂತಿದ್ದರು. ಬಿಚ್ಚುವುದೆಲ್ಲ ಬೇಡ, ಕತ್ತಿನ ಕಡೆಯಿಂದ ಸರಿಸಿ ಹಾಕಿಬಿಡಿ ಎಂದವಳು ನಾನೇ. ಅವಳು ಹಾಗೇ ಜಾರಿಸಿ, ಜಾರಿದಷ್ಟು ಜಾಗದಲ್ಲಿ, ಭುಜದ ಮೂಳೆಯ ಪಕ್ಕದಲ್ಲೇ ಚುಚ್ಚಿದಳು. ಸೂಜಿ ಒಳಗೆ ಗಟ್ಟಿಯಾದ ಯಾವುದಕ್ಕೋ ತಾಗಿದ್ದು ನನಗೆ ಗೊತ್ತಾಯಿತು. ಸೂಜಿ ಬಟ್ಟೆಯಲ್ಲಿ ಹೋಯಿತೋ ಗುಂಡಿಗೆ ತಾಗಿತೋ ಎಂದು ನೋಡದೆಯೇ ಹೇಳುವ ಕಸುಬು ನನ್ನದು. ಆದರೂ ಬಾಯಿ ಬಿಡಲಿಲ್ಲ, ತಲೆಯಲ್ಲಿ ಆರು ರವಿಕೆ ಕೂತಿದ್ದವು.

ಮೂರನೇ ದಿನ ಬೆಳಿಗ್ಗೆ ಸ್ನಾನ ಮುಗಿಸಿ ರವಿಕೆ ಹಾಕಿಕೊಳ್ಳಲು ಹೋದರೆ ಎಡಗೈ ಹಿಂದಕ್ಕೆ ಹೋಗಲಿಲ್ಲ. ಮೇಲಕ್ಕೂ ಏಳಲಿಲ್ಲ. ಬಾಗಿಲ ಹಿಂದೆ ನಿಂತು ಎಷ್ಟು ಹೊತ್ತು ಹೆಣಗಿದೆನೋ, ಕೊನೆಗೆ ಅಳು ಬಂದು ಅತ್ತೆಯನ್ನು ಕೂಗಿದೆ. ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುವವಳಿಗೆ ತನ್ನ ರವಿಕೆ ತೊಡಿಸಲು ಅತ್ತೆ ಬೇಕಾಯಿತು. ನಾಚಿಕೆಯಿಂದ ಸತ್ತೇ ಹೋದೆ. ಅತ್ತೆ ಬಂದರು. ಕುರಿಮರಿಯ ಕಾಲು ಬೇಲಿಯಲ್ಲಿ ಸಿಕ್ಕಿಕೊಂಡರೆ ಬಿಡಿಸುವ ಹಾಗೆ, ನಿಧಾನವಾಗಿ ನನ್ನ ಕೈಯನ್ನು ತೋಳಿನೊಳಗೆ ತೂರಿಸಿದರು. ಅವತ್ತಿನಿಂದ ತಲೆ ಬಾಚಿ ಜಡೆ ಹಾಕುವುದೂ ಅವರ ಪಾಲಿಗೇ ಬಂತು. ಒಂದು ವಾರವಾದ ಮೇಲೆ ರವಿಕೆಯ ಸಹವಾಸವೇ ಬೇಡವೆಂದು ಗಂಡನ ಅಂಗಿ ಹಾಕಿಕೊಂಡು ಅಂಗಡಿಗೆ ಹೋಗತೊಡಗಿದೆ.

ಆಮೇಲೆ ಶುರುವಾಯಿತು ಡಾಕ್ಟರ ಸುತ್ತಾಟ. ಇಂಜೆಕ್ಷನ್ ಹಾಕಿದ ಕ್ಲಿನಿಕ್ಕಿನಲ್ಲಿ, ಎರಡು ದಿನ ನೋವಿರುತ್ತೆ ಹೋಗಮ್ಮ ಎಂದರು. ಎರಡು ದಿನ ಎರಡು ತಿಂಗಳಾಯಿತು. ಇನ್ನೊಬ್ಬರು ಸಕ್ಕರೆ ಕಾಯಿಲೆ ಇರಬೇಕೆಂದು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇರಲಿಲ್ಲ, ಆದರೂ ಅನ್ನ ಕಡಿಮೆ ಮಾಡು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಏನೆಂದು ಆವಾಗ ತಿಳಿಯಿತು. ಪಾಲಕೋಡಿನಲ್ಲಿ ಒಬ್ಬರು ಎಣ್ಣೆ ಹಚ್ಚಿ ನೀವಿ ಕೈ ತಿರುಚಿದರು. ಅಲ್ಲಿಂದ ಬಸ್ ಸ್ಟ್ಯಾಂಡಿನವರೆಗೆ ಅಳುತ್ತಲೇ ನಡೆದೆ. ಇಂಜೆಕ್ಷನ್ನಿಂದ ಆದದ್ದು ಎಂದು ನಾನು ಹೇಳಿದಲ್ಲೆಲ್ಲ ಎದುರಿಗಿದ್ದವರ ಮುಖದಲ್ಲಿ ಒಂದು ಸಣ್ಣ ನಗು ಬರುತ್ತಿತ್ತು. ನೋವಿಗಿಂತ ಆ ನಗುವೇ ನನ್ನನ್ನು ಹೆಚ್ಚು ಸುಟ್ಟಿತು.

ಕಾಯುವುದೆಂದರೆ ನನಗಾಗದು. ಆಸ್ಪತ್ರೆಯಲ್ಲಿ ಟೋಕನ್ ತೆಗೆದುಕೊಂಡು ಐದು ನಿಮಿಷ ಕೂತರೆ ಆರನೇ ನಿಮಿಷಕ್ಕೆ ಎದ್ದು ಓಡಾಡುತ್ತಿದ್ದೆ. ಕೂತಾಗ ಬಂದವರ ರವಿಕೆಗಳ ಹೊಲಿಗೆ ನೋಡುತ್ತಿದ್ದೆ, ಯಾರ ಕಂಕುಳು ಎಳೆಯುತ್ತಿದೆ, ಯಾರ ಬೆನ್ನು ಸುಕ್ಕಾಗಿದೆ ಎಂದು ಮನಸ್ಸಿನಲ್ಲೇ ಬಿಚ್ಚಿ ಹೊಲಿಯುತ್ತಿದ್ದೆ. ಮಲಗಿದರೆ ಆ ಮಗ್ಗುಲಿಗೆ ತಿರುಗಲಾಗದು, ಕೂತರೆ ಕೈ ಇಟ್ಟುಕೊಳ್ಳಲು ಜಾಗವಿಲ್ಲ. ಮಾದೇಶ ಎಲ್ಲಿಂದಲೋ ಫೋನ್ ಮಾಡಿ, ಎಣ್ಣೆ ಹಚ್ಚಿದೆಯಾ ಎಂದು ಕೇಳುವರು. ಹಚ್ಚಲು ನೀವು ಬನ್ನಿ ಎಂದು ರೇಗಿ ಫೋನ್ ಇಟ್ಟುಬಿಡುತ್ತಿದ್ದೆ. ಪಾಪ, ಅವರು ಯಾವ ಡೀಸೆಲ್ ಬಂಕಿನ ಮುಂದೆ ನಿಂತಿದ್ದರೋ ಏನೋ.

ಸೇಲಂನ ಮೂಳೆ ಡಾಕ್ಟರ ಹತ್ತಿರ ಹೋದದ್ದು ಅತ್ತೆಯ ಹಠದಿಂದ. ವಯಸ್ಸಾದ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, ಎಲ್ಲಿ ಚುಚ್ಚಿದರು ಬೆರಳಿಟ್ಟು ತೋರಿಸು ಎಂದರು. ತೋರಿಸಿದೆ. ಅವರು ತಮ್ಮ ಎರಡು ಬೆರಳನ್ನು ಅಡ್ಡ ಇಟ್ಟು ಅಳೆದು, ಇಷ್ಟು ಮೇಲೆಯಾ ಎಂದು ತಮಗೆ ತಾವೇ ಹೇಳಿಕೊಂಡರು. ನಗಲಿಲ್ಲ. ಅಷ್ಟಕ್ಕೇ ನನಗೆ ಅಳು ತಡೆಯಲಾಗಲಿಲ್ಲ. ಔಷಧಿ ಕೆಟ್ಟದ್ದಲ್ಲ, ಅದು ಹೋಗಬೇಕಾದದ್ದು ಕೆಳಗಿನ ಮಾಂಸಕ್ಕೆ, ಹೋದದ್ದು ಕೀಲಿಗೆ ಎಂದು ಹೇಳಿ ದೊಡ್ಡ ಸ್ಕ್ಯಾನಿಗೆ ಬರೆದರು. ಈ ಮಾತನ್ನು ಇಲ್ಲಿ ಒತ್ತಿ ಬರೆಯುತ್ತೇನೆ. ಹೋದ ವರ್ಷ ಕಾಲಿಗೆ ಮೊಳೆ ಚುಚ್ಚಿದಾಗ ನಾನು ಮತ್ತೆ ಟಿ.ಟಿ. ಹಾಕಿಸಿಕೊಂಡೆ, ಸಡಿಲ ತೋಳಿನ ನೈಟಿ ತೊಟ್ಟುಕೊಂಡು ಹೋಗಿ.

ಸ್ಕ್ಯಾನು, ಮಾತ್ರೆ, ವಾರಕ್ಕೆರಡು ಸಲ ಫಿಸಿಯೋಥೆರಪಿ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸಬೇಕು, ಎಷ್ಟು ಎತ್ತರ ಹೋಯಿತೋ ಅಲ್ಲಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಬೇಕು. ಫಿಸಿಯೋಥೆರಪಿಯ ಹುಡುಗಿ ನೋಯಿಸುವ ಮೊದಲು, ಈಗ ನೋಯಿಸ್ತೀನಿ ಅಕ್ಕ ಎಂದು ಹೇಳಿಯೇ ನೋಯಿಸುತ್ತಿದ್ದಳು. ಅದೊಂದು ದೊಡ್ಡ ಉಪಕಾರ. ಅಂಗಡಿ ಅರ್ಧ ದಿನ ಮುಚ್ಚಿರುತ್ತಿತ್ತು, ಮಾದೇಶನ ಸಂಬಳ ಮನೆಗೇ ಸಾಲದು. ಇಷ್ಟಾದರೂ ಪ್ರತಿ ಸಲ ಸೇಲಂಗೆ ಹೊರಡುವಾಗ ಅತ್ತೆ ಸೊಂಟದ ಚೀಲದಿಂದ ದುಡ್ಡು ತೆಗೆದು ಕೊಡುತ್ತಿದ್ದರು. ಎಲ್ಲಿಂದ ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದದ್ದು ನನ್ನ ಅನುಕೂಲಕ್ಕೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಒಂದು ದಿನ ಹಿತ್ತಲಿಗೆ ಹೋದರೆ ಕುರಿದೊಡ್ಡಿಯಲ್ಲಿ ಎರಡೇ ಇದ್ದವು. ಇನ್ನೆರಡು ತಿಂಗಳಿಗೆ ಅವೂ ಇರಲಿಲ್ಲ. ಅತ್ತೆ ಮಾತ್ರ ಬೆಳಿಗ್ಗೆ ಎದ್ದು ಕೋಲು ಹಿಡಿದು ಹೊರಟುಬಿಡುತ್ತಿದ್ದರು, ಅಭ್ಯಾಸ. ಬೇಲಿಯವರೆಗೆ ಹೋಗಿ ನಿಂತು, ವಾಪಸು ಬಂದು, ಒಲೆ ಹಚ್ಚುತ್ತಿದ್ದರು.

ವಕೀಲೆ ಕಲೈಸೆಲ್ವಿ ನನ್ನ ಗಿರಾಕಿ. ಕರಿ ಕೋಟಿನೊಳಗೆ ಹಾಕಿಕೊಳ್ಳುವ ಬಿಳಿ ರವಿಕೆಗಳನ್ನು ನನ್ನ ಹತ್ತಿರವೇ ಹೊಲಿಸುತ್ತಿದ್ದರು. ಹೊಲಿಯಲು ಕೊಟ್ಟದ್ದು ತಿಂಗಳಾದರೂ ಆಗದಿದ್ದಾಗ ಜಗಳಕ್ಕೆಂದೇ ಬಂದವರು, ಗಂಡಸಿನ ಅಂಗಿಯಲ್ಲಿ ಒಂದು ಕೈ ಮಡಿಚಿಕೊಂಡು ಕೂತ ನನ್ನನ್ನು ನೋಡಿ ಸ್ಟೂಲು ಎಳೆದುಕೊಂಡು ಕೂತರು. ಗ್ರಾಹಕರ ಕೋರ್ಟಿಗೆ ಹೋಗೋಣ ಎಂದದ್ದು ಅವರು. ಮಾದೇಶ ಫೋನಿನಲ್ಲಿ ಇದನ್ನು ಕೇಳಿ, ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಹಳೆಯ ಗಾದೆ ಹೇಳಿದರು. ಬೀದಿಯವರು, ಬಂದದ್ದರಲ್ಲಿ ಅರ್ಧ ವಕೀಲರಿಗೆ ಎಂದರು. ನಾನು ಇದನ್ನೆಲ್ಲ ಮುಖಕ್ಕೇ ಕೇಳಿಬಿಟ್ಟೆ. ಕಲೈಸೆಲ್ವಿ ಸಿಟ್ಟಾಗಲಿಲ್ಲ. ಬಂದದ್ದರಲ್ಲಿ ಪಾಲು ಕೇಳುವ ಹಾಗೇ ಇಲ್ಲ, ನನ್ನ ಫೀಸು ಇಷ್ಟು, ಈಗ ಬೇಡ, ತೀರ್ಪಾದ ಮೇಲೆ ಕೊಡಿ ಎಂದು ಕಾಗದದಲ್ಲಿ ಬರೆದರು, ಇಬ್ಬರೂ ಸಹಿ ಮಾಡಿದೆವು. ಸ್ಕ್ಯಾನು, ಡಾಕ್ಟರ ಅಭಿಪ್ರಾಯ ಪತ್ರ, ಓಡಾಟ, ಇವು ಮಾತ್ರ ನಮ್ಮ ಕೈಯಿಂದ. ಅತ್ತೆ ಬಾಗಿಲ ಹತ್ತಿರ ಕೂತು ಕೇಳುತ್ತಿದ್ದರು. ಗೆದ್ದರೆ ಎರಡು ಥರದ ದುಡ್ಡು ಕೇಳಬಹುದು ಎಂದು ಕಲೈಸೆಲ್ವಿ ವಿವರಿಸಿದರು. ಒಂದು, ಪಟ್ಟ ನೋವಿಗೆ, ಹೋದ ದುಡಿಮೆಗೆ. ತಮಿಳಲ್ಲಿ ಅದು ನಷ್ಟ ಈಡು. ಇನ್ನೊಂದು, ಅದನ್ನು ಪಡೆಯಲು ಮಾಡಿದ ಖರ್ಚು, ವಕೀಲರ ಫೀಸೂ ಸೇರಿ. ಅದು ಸೆಲವು ತೊಗೈ. ಎರಡೂ ಬೇರೆ ಬೇರೆ, ಖರ್ಚಿಗೆ ಮಾತ್ರ ಬಿಲ್ಲು ಬೇಕು, ಒರಿಜಿನಲ್ಲುಗಳನ್ನು ಜೋಪಾನ ಮಾಡಿ ಎಂದು ಎರಡೆರಡು ಸಲ ಹೇಳಿದರು. ನನಗೆ ದುಡ್ಡೆಲ್ಲ ದುಡ್ಡೇ ಅನ್ನಿಸಿ, ಅರ್ಧ ಕಿವಿಯಲ್ಲಿ ಕೇಳಿದೆ.

ಕೋರ್ಟೂ ಆಸ್ಪತ್ರೆಯ ಹಾಗೇ ಇತ್ತು, ಅದೇ ಬೆಂಚು, ಅದೇ ಕಾಯುವುದು. ಬೆಳಿಗ್ಗೆ ಹೋಗಿ ಕೂತು, ಮಧ್ಯಾಹ್ನ ಹೆಸರು ಕರೆದು, ವಾಯಿದೆ ಹಾಕಿ ಕಳಿಸುತ್ತಿದ್ದರು. ನಾನು ವರಾಂಡದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಒಂದು ದಿನ ಕ್ಲಿನಿಕ್ಕಿನ ಪರವಾಗಿ ಬಂದ ವಕೀಲರು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರು. ಅವತ್ತು ತೊಟ್ಟಿದ್ದ ರವಿಕೆ ಹೊಲಿದವರು ಯಾರು? ನಾನೇ. ತೋಳು ಮೇಲಕ್ಕೆ ಸರಿಯದಷ್ಟು ಬಿಗಿಯಾಗಿತ್ತಾ? ಇತ್ತು. ಕತ್ತಿನ ಕಡೆಯಿಂದ ಹಾಕಿ ಎಂದವರು ಯಾರು? ನಾನೇ. ಹಾಗಾದರೆ ತಪ್ಪು ಯಾರದಾಯಿತು?

ಮೂರು ವರ್ಷ ಮನಸ್ಸಿನಲ್ಲಿ ನಾನೇ ನನಗೆ ಕೇಳಿಕೊಂಡ ಪ್ರಶ್ನೆ ಅದು. "ಬಿಗಿಯಾಗಿ ಹೊಲಿದದ್ದು ನಾನೇ ಸಾರ್. ಗಿರಾಕಿ ಬಂದು ಹೆಂಗಾದರೂ ಹೊಲಿ ಅಂದರೆ ನಾನು ಹೆಂಗಾದರೂ ಹೊಲಿಯಲ್ಲ. ಎಲ್ಲಿ ಸೂಜಿ ಹಾಕಬೇಕು ಅಂತ ಗೊತ್ತಿರೋಳು ನಾನಲ್ವಾ? ಅವರಿಗೂ ಗೊತ್ತಿರಬೇಕಿತ್ತು" ಎಂದೆ. ಅದೆಲ್ಲಿಂದ ಬಂತೋ ಆ ಮಾತು.

ತೀರ್ಪು ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಗೋಡೆಯ ಪೆನ್ಸಿಲ್ ಗೆರೆ ನನ್ನ ತಲೆಗಿಂತ ಮೇಲೆ ಹೋಯಿತು. ಬಾಚಣಿಗೆ ತೆಗೆದುಕೊಂಡು, ನೋವನ್ನು ಕಚ್ಚಿ ಹಿಡಿದು, ನನ್ನ ಜಡೆ ನಾನೇ ಹಾಕಿಕೊಂಡೆ. ಸೊಟ್ಟಗಿತ್ತು. ಅತ್ತೆ ನನ್ನ ಸುತ್ತ ಒಂದು ಸಲ ಸುತ್ತಿ ನೋಡಿ, ಮಾದಪ್ಪ ಕಣ್ಣು ಬಿಟ್ಟ ಎಂದು ಕೈ ಮುಗಿದರು. ನಾನು ಆ ಸಂತೋಷದಲ್ಲೇ ಅಂಗಡಿಗೆ ಹೋಗಿ, ಮೊದಲ ಸಲ ಪೂರ್ತಿ ದಿನ ಕೂತು ಕೆಲಸ ಮಾಡಿದೆ.

ತಿಂಗಳಾದ ಮೇಲೆ ತೀರ್ಪು ನಮ್ಮ ಕಡೆಗಾಯಿತು. ಕ್ಲಿನಿಕ್ಕು ನನಗೆ ಪರಿಹಾರ ಕೊಡಬೇಕು. ಖರ್ಚಿನ ಪಟ್ಟಿಯನ್ನು ಬಿಲ್ಲು ಸಮೇತ ಬೇರೆಯಾಗಿ ಕೊಡಿ, ಅದನ್ನು ಮುಂದಿನ ವಾಯಿದೆಯಲ್ಲಿ ನೋಡುತ್ತೇವೆ ಎಂದರು. ನಾನು ಬಸ್ಸಿಳಿದು ಮನೆಗೆ ಓಡಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಈ ದುಡ್ಡಲ್ಲಿ ಮೊದಲು ನಿಮ್ಮ ಒಂಬತ್ತು ಕುರಿ ಬರಬೇಕು, ಆಮೇಲೆ ಮಿಕ್ಕಿದ್ದು ಎಂದೆ. ಕುಣಿಯುತ್ತಾರೆಂದುಕೊಂಡಿದ್ದೆ. ಅವರು ಸುಲಿಯುವುದನ್ನೂ ನಿಲ್ಲಿಸಲಿಲ್ಲ.

"ಅದು ನಿನ್ನ ಕೈ ನೋವಿನ ದುಡ್ಡು ಕಣಮ್ಮಿ. ನೋವಿನ ದುಡ್ಡಲ್ಲಿ ಜೀವ ಕೊಳ್ಳಬಾರದು. ಆ ಕುರಿ ನಂಗೆ ಬ್ಯಾಡ."

ಎಷ್ಟು ಹೇಳಿದರೂ ಕೇಳಲಿಲ್ಲ. ಕುರಿ ಸಾಕುವ ಮನೆಯಲ್ಲಿ ಹಿಂದಿನಿಂದ ಹಾಗೇ ಅಂತೆ, ಕಾಯಿಲೆಯಿಂದ ಬಂದದ್ದು ದೊಡ್ಡಿಯೊಳಗೆ ಹೋಗಬಾರದಂತೆ, ಹೋದರೆ ಮರಿ ನಿಲ್ಲದಂತೆ. ನಾನು ತಲೆ ಚಚ್ಚಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವರೇ, ಆ ವಕೀಲಮ್ಮ ಇನ್ನೊಂದು ದುಡ್ಡು ಅಂದಳಲ್ಲ, ಖರ್ಚಿಂದು, ಅದಾದರೆ ಆಗಬಹುದು ಎಂದರು. ಅದು ಹೋದದ್ದೇ ವಾಪಸು ಬರೋದಲ್ಲವಾ ಎಂದು ಕೇಳಿದರು. ನಾನು ಅರ್ಧ ಕಿವಿಯಲ್ಲಿ ಕೇಳಿದ್ದನ್ನು ಅತ್ತೆ ಎರಡೂ ಕಿವಿಯಲ್ಲಿ ಕೇಳಿದ್ದರು. ಹಾಗಾದರೆ ಕುರಿ ಬರುವುದೋ ಬಿಡುವುದೋ ಆ ಖರ್ಚಿನ ಅರ್ಜಿಯ ಮೇಲೆ ನಿಂತಿತು. ಸರಿ, ಬಿಲ್ಲುಗಳಿವೆಯಲ್ಲ ಎಂದು ಬೀರುವಿನ ಪಕ್ಕ ಮೊಳೆಗೆ ನೇತು ಹಾಕಿದ್ದ ಹಳದಿ ಚೀಲಕ್ಕೆ ಕೈ ಹಾಕಲು ಹೋದೆ. ಮೊಳೆ ಖಾಲಿ.

ಚೀಲ ಎಲ್ಲಿ ಎಂದೆ. ಅತ್ತೆ ನಿಧಾನವಾಗಿ ಹೇಳಿದರು. ನಾನು ಜಡೆ ಹಾಕಿಕೊಂಡ ಮರುದಿನ, ಸೂರ್ಯ ಹುಟ್ಟುವ ಮೊದಲು, ಕೈ ಕಟ್ಟಿಕೊಳ್ಳುತ್ತಿದ್ದ ಪಟ್ಟಿ, ಎಣ್ಣೆ ಶೀಶೆ, ಮಾತ್ರೆಯ ಡಬ್ಬಿ, ಆ ಹಳದಿ ಚೀಲ, ಎಲ್ಲವನ್ನೂ ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಮೂರು ದಾರಿ ಕೂಡುವಲ್ಲಿ ಇಟ್ಟು, ತಿರುಗಿ ನೋಡದೆ ಬಂದಿದ್ದರು. ಕಾಯಿಲೆ ಎದ್ದು ಹೋದ ಮೇಲೆ ಅದರ ಸಾಮಾನು ಮನೆಯಲ್ಲಿ ಇರಬಾರದು. ಅದೂ ಹಿಂದಿನಿಂದ ಹಾಗೇ ಅಂತೆ.

ನನಗೆ ತಲೆ ಕೆಟ್ಟಿತು. ಆಡಬಾರದ್ದನ್ನೆಲ್ಲ ಆಡಿದೆ. ಕುರಿ ಮೇಯಿಸಿ ಮೇಯಿಸಿ ನಿಮಗೂ ಕುರಿ ಬುದ್ಧಿಯೇ ಬಂದಿದೆ ಎಂದೆ. ಆ ಮಾತು ಈಗಲೂ ನನ್ನ ನಾಲಿಗೆಯ ಮೇಲೆ ಕಹಿಯಾಗಿದೆ. "ನಿನ್ನ ಕೈ ಮತ್ತೆ ಬೀಳಬಾರದು ಅಂತ ಮಾಡ್ದೆ ಕಣಮ್ಮಿ. ಬಿಲ್ಲಿನ ಗ್ಯಾನ ಇರನಿಲ್ಲ" ಎಂದರು ಅತ್ತೆ, ಅಷ್ಟೇ. ಮೂರು ದಾರಿಯ ಹತ್ತಿರ ಓಡಿದೆ. ಕಸ ಗುಡಿಸುವವರು ಎಂದೋ ಸುಟ್ಟ ಬೂದಿಯೂ ಅಲ್ಲಿರಲಿಲ್ಲ.

ಕಲೈಸೆಲ್ವಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪೆನ್ನು ತೆಗೆದು ಇದ್ದದ್ದು, ಇಲ್ಲದ್ದು ಪಟ್ಟಿ ಮಾಡಿದರು. ಸ್ಕ್ಯಾನಿನ ರಿಪೋರ್ಟು, ಡಾಕ್ಟರ ಪತ್ರ ಮೊದಲೇ ಕೋರ್ಟಿಗೆ ಹೋಗಿದ್ದವು, ಅವಕ್ಕೆ ಕೊಟ್ಟ ದುಡ್ಡಿನ ರಶೀದಿಗಳು ಮಾತ್ರ ಇಲ್ಲ. ನಕಲು ತರಬಹುದು, ಆದರೆ ಎಲ್ಲೆಲ್ಲಿ ದುಡ್ಡು ಕಟ್ಟಿದಿರೋ ಅಲ್ಲೆಲ್ಲ ನೀವೇ ಹೋಗಬೇಕು ಎಂದರು. ಸೇಲಂಗೆ ಹೊರಟೆ. ಬಸ್ಸು ಹತ್ತಿದರೆ ಹಿಂದೆಯೇ ಅತ್ತೆಯೂ ಹತ್ತಿದರು. ನಾನು ಮಾತಾಡಿಸಲಿಲ್ಲ. ಸ್ಕ್ಯಾನ್ ಸೆಂಟರಿನವರು ಕಂಪ್ಯೂಟರಿನಲ್ಲಿ ಹುಡುಕಿ ಒಂದು ಪ್ರತಿ ತೆಗೆದುಕೊಟ್ಟರು. ಮಾತ್ರೆಯ ಅಂಗಡಿಯವನು, ಹಳೆಯದೆಲ್ಲ ಎಲ್ಲಮ್ಮ ಇರುತ್ತೆ ಎಂದು ಕೈ ಆಡಿಸಿದ. ಮೂಳೆ ಡಾಕ್ಟರು ತಮ್ಮ ಪತ್ರಕ್ಕೆ ತೆಗೆದುಕೊಂಡದ್ದು ಇಷ್ಟು ಎಂದು ಬರೆದು ಸೀಲು ಹಾಕಿದರು. ಫಿಸಿಯೋಥೆರಪಿಯ ಹುಡುಗಿ ತನ್ನ ನೋಟ್ ಪುಸ್ತಕದಲ್ಲಿ ನಾನು ಹೋದ ಪ್ರತಿ ದಿನದ ಗುರುತು ಇಟ್ಟಿದ್ದಳು. ಎಲ್ಲ ಕಡೆಯೂ ನಾನು ಕೌಂಟರಿನ ಮುಂದೆ ನಿಲ್ಲಲಾರದೆ ಓಡಾಡುವೆ, ಅತ್ತೆ ನೆಲದ ಮೇಲೆ ಕೂತು ಕಾಯುವರು. ವಾಪಸು ಬರುವಾಗ ಬಸ್ಸಿನ ಜೋಲಿಗೆ ನನ್ನ ಭುಜ ಕಂಬಿಗೆ ಬಡಿಯದಂತೆ ನಡುವೆ ತಮ್ಮ ಕೈ ಇಟ್ಟುಕೊಂಡು ಕೂತಿದ್ದರು. ಊರು ಹತ್ತಿರ ಬರುವ ಹೊತ್ತಿಗೆ ನಾನೇ ಸೋತು, ಟೀ ಕುಡೀತೀರಾ ಎಂದು ಕೇಳಿದೆ.

ಖರ್ಚಿನ ವಿಚಾರಣೆಯ ದಿನ ಎದುರು ವಕೀಲರು ಎರಡು ಮಾತು ಎತ್ತಿದರು. ಬಿಲ್ಲು ಅರ್ಧಕ್ಕರ್ಧ ಇಲ್ಲ. ವಕೀಲರ ಫೀಸನ್ನಂತೂ ಈಕೆ ಇನ್ನೂ ಕೊಟ್ಟೇ ಇಲ್ಲ, ಕೊಡದ ಫೀಸನ್ನು ನಮ್ಮಿಂದ ಹೇಗೆ ವಸೂಲು ಮಾಡುತ್ತೀರಿ? ಕಲೈಸೆಲ್ವಿ ನಾವು ಸಹಿ ಮಾಡಿದ ಕಾಗದ ಮುಂದಿಟ್ಟರು, ಬಂದ ಪ್ರತಿ ವಾಯಿದೆಯ ವಿವರ ಕೊಟ್ಟರು. ಕೊಟ್ಟಿಲ್ಲದಿರಬಹುದು, ಕೊಡಲೇಬೇಕಾದದ್ದು, ಅದೂ ಖರ್ಚೇ ಎಂದರು. ನನ್ನ ಅಂಗಡಿಯಲ್ಲಿ ಈ ಮೂರು ವರ್ಷ ಅವರು ಒಂದು ರವಿಕೆಯನ್ನೂ ಪುಕ್ಕಟೆ ಹೊಲಿಸಿಕೊಳ್ಳದೆ ಇದ್ದದ್ದು ಯಾಕೆಂದು ಆವಾಗ ಹೊಳೆಯಿತು. ಫೀಸು ರವಿಕೆಯಲ್ಲೇ ತೀರಿದೆ ಎಂದು ನಾಳೆ ಯಾರೂ ಹೇಳಬಾರದಲ್ಲ.

ಬಿಲ್ಲುಗಳನ್ನು ಮನೆಯವರು ಎಸೆದುಬಿಟ್ಟದ್ದನ್ನೂ ಕಲೈಸೆಲ್ವಿ ಹೇಳಿದಾಗ, ಮೇಲೆ ಕೂತ ನ್ಯಾಯಾಧೀಶರು, ಎಸೆದವರು ಯಾರು ಎಂದು ಕೇಳಿದರು. ಬೆಂಚಿನಿಂದ ಅತ್ತೆ ಎದ್ದು ನಿಂತರು. ಅವರಿಗೆ ತಮಿಳು ಚೆನ್ನಾಗಿ ಬರುತ್ತದೆ, ಆದರೆ ಹೆದರಿದಾಗ ಕನ್ನಡವೇ ಮುಂದೆ ಬರುತ್ತದೆ. ಎರಡನ್ನೂ ಕಲಸಿಕೊಂಡೇ ಹೇಳಿದರು, ನಮ್ಮ ಕಡೆಯ ಕೋರ್ಟಿನಲ್ಲಿ ಅದು ಹೊಸದೇನಲ್ಲ.

"ನಾನೇ ಸ್ವಾಮಿ ಬಿಸಾಕ್ದೋಳು. ಅವಳು ಕೈ ಎತ್ತಿ ಜಡೆ ಆಕಂಡ್ಲು, ಅದಕ್ಕೆ."

ಎದುರು ವಕೀಲರು ಇದನ್ನೇ ಕಾಯುತ್ತಿದ್ದವರ ಹಾಗೆ ಎದ್ದು, ಅಂದರೆ ಕೈ ಪೂರ್ತಿ ವಾಸಿಯಾಗಿದೆ ಅಂತಾಯಿತು ಎಂದರು. ಅತ್ತೆ ಅವರ ಕಡೆ ತಿರುಗಿ, ಎತ್ತಿದ್ದು ಎತ್ತಿದ್ದೇ, ನೋವೂ ಐತೆ, ಎರಡೂ ನಿಜ ಎಂದರು. ಈ ಖರ್ಚಿಗೆ ದುಡ್ಡು ಎಲ್ಲಿಂದ ಬಂತು ಎಂದು ಮೇಲಿಂದ ಇನ್ನೊಂದು ಪ್ರಶ್ನೆ. ಕುರಿ ಮಾರಿದೆ ಎಂದರು. ಮಾರಿದ್ದಕ್ಕೆ ದಾಖಲೆ ಉಂಟಾ?

"ಕುರಿಗೆ ಯಾರು ಸ್ವಾಮಿ ಬಿಲ್ ಕೊಡ್ತಾರೆ?" ಎಂದವರೇ ಅತ್ತೆ ಬೆರಳು ಮಡಚತೊಡಗಿದರು. ಕಪ್ಪು ಕಿವಿಯದು ಸ್ಕ್ಯಾನಿಗೆ ಹೋಯಿತು, ಅದರ ಜೊತೆಗೆ ಸಾಲದೆಂದು ಅದರ ಮಗಳು. ಮೋಟು ಬಾಲದ್ದು ಡಾಕ್ಟರ ಕಾಗದಕ್ಕೆ. ಕುಂಟಿ, ಕೆಂಚಿ, ಅವಳಿ ಮರಿ ಹಾಕಿದ್ದ ದೊಡ್ಡದು, ಇವು ಗೋಡೆ ಹತ್ತುವ ವೈದ್ಯಕ್ಕೆ. ಯಾವುದನ್ನು ಯಾರು ಕೊಂಡರು, ಅವತ್ತು ಯಾವ ವಾರ, ಒಂದೂ ಬಿಡದೆ ಹೇಳಿದರು. ಒಂಬತ್ತನೆಯದರ ಹತ್ತಿರ ಬಂದಾಗ, ಅದು ಬಸ್ಸಿಗೆ ಎಂದು ಹೇಳಿ ಕೂತುಬಿಟ್ಟರು. ಅಷ್ಟು ದಿನ ಅವರಿಗೆ ಅಷ್ಟೊಂದು ನೋವಿತ್ತೆಂದು ನನಗೆ ಗೊತ್ತಾದದ್ದು ಅವತ್ತೇ.

ಆದೇಶಕ್ಕೆ ಇನ್ನೂ ಎರಡು ವಾಯಿದೆ ಆಯಿತು. ಬಂದಾಗ, ವಕೀಲರ ಫೀಸು ಕಾಗದದಲ್ಲಿದ್ದಷ್ಟೇ, ಸ್ಕ್ಯಾನು, ಡಾಕ್ಟರ ಪತ್ರ, ಫಿಸಿಯೋಥೆರಪಿ, ನಕಲು ತೋರಿಸಿದಷ್ಟು, ಓಡಾಟಕ್ಕೆ ಒಂದಿಷ್ಟು ಸಿಕ್ಕಿತು. ಮಾತ್ರೆಗಳಿಗೆ ಏನೂ ಇಲ್ಲ, ಕುರಿಗಳ ಲೆಕ್ಕ ಯಾವ ಕಾಲಮ್ಮಿನಲ್ಲೂ ಇಲ್ಲ. ಕಲೈಸೆಲ್ವಿ ತಮ್ಮ ಫೀಸು ತೆಗೆದುಕೊಂಡು ರಶೀದಿ ಬರೆದುಕೊಟ್ಟರು. ಮಿಕ್ಕದ್ದು ಈಗಿನ ಬೆಲೆಯಲ್ಲಿ ನಾಲ್ಕು ಕುರಿಗೆ ಆಗುತ್ತಿತ್ತು. ಪರಿಹಾರದ ದುಡ್ಡಿನಿಂದ ಇನ್ನೈದು ಸೇರಿಸಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಕೊನೆಯ ಸಲ ಗೋಗರೆದೆ. ಅತ್ತೆ ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತೆತ್ತಲಿಲ್ಲ. ಪರಿಹಾರದ ದುಡ್ಡು ಹೊಸ ಮೆಷಿನ್ನಿಗೆ ಹೋಯಿತು, ಮಿಕ್ಕದ್ದು ಬ್ಯಾಂಕಿನಲ್ಲಿದೆ.

ವಾರದ ಸಂತೆಗೆ ನಾವಿಬ್ಬರೇ ಹೋದೆವು. ಹೊತ್ತು ಹುಟ್ಟುವ ವೇಳೆಗೆ ಸಂತೆ ತುಂಬಿತ್ತು. ಅತ್ತೆ ಒಂದೊಂದು ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿದರು, ಬೆನ್ನು ಒತ್ತಿದರು, ಬೆಲೆ ಕೇಳಿ ಬೈದರು, ಹೋದಂತೆ ಮಾಡಿ ಮತ್ತೆ ಬಂದರು. ಮೂರು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮೂರು ದೊಡ್ಡ ಹೆಣ್ಣು ಕುರಿ ಗೊತ್ತಾದವು. ನಾಲ್ಕನೆಯದು ಒಂದು ಹೆಣ್ಣು ಮರಿ, ಕಂದು ಬಣ್ಣದ್ದು, ತೂಕ ನೋಡಬೇಕಿತ್ತು. ನಮ್ಮ ಕಡೆ ಮರಿಯನ್ನು ತಕ್ಕಡಿಗೆ ಹಾಕುವುದಿಲ್ಲ, ಕೈಯಲ್ಲಿ ಎತ್ತಿ ಹೇಳುತ್ತಾರೆ. ಅತ್ತೆ ಎತ್ತಲಿಲ್ಲ. ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

"ಎತ್ತು. ಎಡಗೈಲಿ."

"ನೋವೈತಲ್ಲ ಅತ್ತೆ."

"ಐತೆ ಅಂತ ನಂಗೂ ಗೊತ್ತು. ಎತ್ತು."

ಮರಿಯ ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿದೆ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಭುಜದೊಳಗೆ ಅದೇ ಜಾಗದಲ್ಲಿ ಚುಳ್ ಎಂದಿತು. ಮರಿ ಒದ್ದಾಡಿ, ಆಮೇಲೆ ನನ್ನ ತೋಳಿಗೆ ಒರಗಿ ಸುಮ್ಮನಾಯಿತು. ಎಷ್ಟಿರಬಹುದು ಎಂದು ಅತ್ತೆ ಕೇಳಿದರು. ನನಗೆ ತೂಕ ಗೊತ್ತಾಗಲಿಲ್ಲ, ಕೆಳಗೂ ಇಳಿಸಲಿಲ್ಲ.